ಮ್ಯಾಡಿಸನ್ನಿನ ಹಿತ್ತಲಲ್ಲಿ ದೊಡ್ಡಪತ್ರೆಯ ವಾಸನೆ

ನಮ್ಮ ಮನೆಯ ದೊಡ್ಡಪತ್ರೆ ಸತ್ತಿದ್ದು ಜನವರಿಯಲ್ಲಿ. ಕುಂಡವನ್ನು ಕಿಟಕಿ ಪಕ್ಕ ಇಟ್ಟು ನಾಲ್ಕು ದಿನ ಶಿಕಾಗೋಗೆ ಹೋಗಿದ್ದೆವು. ಸುಮ್ನೆ ಯಾಕೆ ಖರ್ಚು ಅಂತ ಹೀಟರ್ ತಗ್ಗಿಸಿದ್ದೆವು. ಹೊರಗೆ ಮೈನಸ್ 25 ಡಿಗ್ರಿ ಚಳಿ. ವಾಪಸ್ ಬಂದು ನೋಡಿದರೆ, ಗಾಜಿಗೆ ತಾಗಿದ್ದ ಎಲೆಗಳು ಬೇಯಿಸಿದ ಬಸಳೆಯ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಎರಡು ದಿನದಲ್ಲಿ ಬುಡವೂ ಕೊಳೆಯಿತು.

ತೀರ್ಥಹಳ್ಳಿಯ ನಮ್ಮ ಹಿತ್ತಲಲ್ಲಿ ಈ ಗಿಡಕ್ಕೆ ಯಾರೂ ತಿರುಗಿ ಕೂಡ ನೋಡುವುದಿಲ್ಲ. ಬಚ್ಚಲ ನೀರು ಹೋಗುವ ಕಡೆ ಒಂದು ಕಡ್ಡಿ ಚುಚ್ಚಿದರೆ ಮುಗಿಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಮ್ಯಾಡಿಸನ್ನಿನಲ್ಲಿ ಮಾತ್ರ ಅದನ್ನು ಎಳೆ ಮಗುವಿನ ಹಾಗೆ ಅಕ್ಟೋಬರಿನಲ್ಲಿ ಒಳಗೆ, ಮೇ ಕೊನೆಗೆ ಹೊರಗೆ ಅಂತ ಎತ್ತಿಕೊಂಡು ಓಡಾಡಬೇಕು. ಅದು ನನ್ನ ಮೂರನೇ ದೊಡ್ಡಪತ್ರೆ. ಇನ್ನು ಸಾಕು, ತಂಬುಳಿಯ ಆಸೆ ಬಿಟ್ಟುಬಿಡೋಣ ಅಂದುಕೊಂಡೆ.

ಆ ವರ್ಷ ಜೂನ್ ಕೊನೆಗೆ ಅಮ್ಮ ಬಂದಳು. ಅಂಗಡಿ, ಮಾಲ್ ನೋಡುವ ಉತ್ಸಾಹ ಅವಳಿಗೆ ಒಂದೇ ವಾರಕ್ಕೆ ಮುಗಿಯಿತು. "ಎಲ್ಲಾದ್ರೂ ಗಿಡಮರ ಇರೋ ಕಡೆ ಕರ್ಕೊಂಡು ಹೋಗೇ ಮಾರಾಯ್ತಿ" ಅಂದಳು. ಜುಲೈನ ಒಂದು ಶನಿವಾರ ಬೆಳಿಗ್ಗೆ ಇಲ್ಲಿಯ ವಿಶ್ವವಿದ್ಯಾಲಯದ ಆರ್ಬೊರೇಟಮ್‌ಗೆ, ಅಂದರೆ ಸಸ್ಯೋದ್ಯಾನಕ್ಕೆ, ಹೋದೆವು. ಅಲ್ಲಿ ಕರ್ಟಿಸ್ ಪ್ರೇರಿ ಅಂತ ಸುಮಾರು 70 ಎಕರೆಯ ಹುಲ್ಲುಗಾವಲು ಇದೆ. ನೋಡಿದರೆ ಆದಿಕಾಲದಿಂದ ಹಾಗೇ ಇದ್ದ ಜಾಗ ಅನ್ನಿಸುತ್ತದೆ. ಆದರೆ ಅದು ಹಿಂದೆ ಉಳುವ, ಮೇಯಿಸುವ ಜಮೀನಾಗಿತ್ತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ 1934ರಲ್ಲಿ ಆರ್ಬೊರೇಟಮ್‌ನ ಆರಂಭದ ಸಮಾರಂಭದಲ್ಲಿ ಮಾತಾಡಿದರು. ಅದಾದ ಮೇಲೆ ಸರ್ಕಾರಿ ಯೋಜನೆಯಲ್ಲಿ ಕೆಲಸಕ್ಕೆ ಬಂದಿದ್ದ ನಿರುದ್ಯೋಗಿ ಹುಡುಗರು ಬೇರೆ ಬೇರೆ ಕಡೆಯಿಂದ ಪ್ರೇರಿ ಗಿಡಗಳನ್ನು ತಂದು ನೆಟ್ಟರು. ಕಳೆದುಹೋದ ಹುಲ್ಲುಗಾವಲನ್ನು ಮತ್ತೆ ಕಟ್ಟುವ ಇಂಥ ಕೆಲಸ ಜಗತ್ತಿನಲ್ಲೇ ಮೊದಲು ಶುರುವಾಗಿದ್ದು ಇಲ್ಲಿ ಅನ್ನುತ್ತಾರೆ.

ಅಮ್ಮ ಸುತ್ತ ಒಮ್ಮೆ ಕಣ್ಣಾಡಿಸಿ, "ನಮ್ಮ ಬ್ಯಾಣದ ಹಾಗೇ ಇದೆ, ಹೂವು ಮಾತ್ರ ಜಾಸ್ತಿ" ಅಂದಳು. ನಮ್ಮ ಕಡೆ ದನ ಮೇಯುವ ಹುಲ್ಲಿನ ಗುಡ್ಡಕ್ಕೆ ಬ್ಯಾಣ ಅನ್ನುತ್ತಾರೆ. ಸೊಂಟದೆತ್ತರದ ಹುಲ್ಲು, ಹಳದಿ ಹೂಗಳು, ನಡುವೆ ಅಲ್ಲಲ್ಲಿ ತಿಳಿ ನೇರಳೆ ಬಣ್ಣದ, ತಲೆ ಕೆದರಿಕೊಂಡ ಹೂವಿನ ಗುಂಪು. ಆ ನೇರಳೆ ಹೂವಿನ ಒಂದು ಗಿಡ ದಾರಿಗೆ ವಾಲಿಕೊಂಡಿತ್ತು. ಅಮ್ಮ ನಿಂತಳು. ಅವಳ ಕೈ ಎಲೆಯ ಮೇಲಿತ್ತು.

"ಅಮ್ಮ, ಇಲ್ಲಿ ಏನೂ ಕೀಳೋ ಹಾಗಿಲ್ಲ."

"ಕೀಳ್ಲಿಲ್ಲ ಕಣೇ. ಮುಟ್ಟಿದೆ ಅಷ್ಟೆ. ಮೂಸು ಇಲ್ಲಿ."

ಅವಳ ಬೆರಳು ಮೂಸಿದೆ. ದೊಡ್ಡಪತ್ರೆ! ಮತ್ತೊಮ್ಮೆ ಮೂಸಿದಾಗ ಅದರ ಹಿಂದೆ ಓಂಕಾಳು. ಕೊನೆಯಲ್ಲಿ ನಿಂಬೆ ಸಿಪ್ಪೆಯ ಹಾಗೆ ಏನೋ ಒಂದು. ಕಣ್ಣು ಮುಚ್ಚಿಕೊಂಡಿದ್ದರೆ ಬಚ್ಚಲ ಹಿಂದೆ ನಿಂತಿದ್ದೇನೆ ಅನ್ನಿಸುತ್ತಿತ್ತು.

ಇಲ್ಲಿಯವರು ಆ ಗಿಡವನ್ನು ವೈಲ್ಡ್ ಬರ್ಗಮಾಟ್ ಅನ್ನುತ್ತಾರೆ, ಬೀ ಬಾಮ್ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಮೊನಾರ್ಡಾ ಫಿಸ್ಟುಲೋಸಾ. ಅಮೆರಿಕದ ಗಿಡಗಳ ಬಗ್ಗೆ 16ನೇ ಶತಮಾನದಲ್ಲೇ ಬರೆದ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್‌ನಿಂದ ಆ ಹೆಸರು ಬಂತು. ಅರ್ಲ್ ಗ್ರೇ ಚಹಾಕ್ಕೆ ಹಾಕುವ ಬರ್ಗಮಾಟ್ ಇದಲ್ಲ. ಅದು ಒಂದು ಜಾತಿಯ ಹುಳಿ ಕಿತ್ತಳೆಯ ಸಿಪ್ಪೆಯ ಎಣ್ಣೆ. ವಾಸನೆ ಸ್ವಲ್ಪ ಹೋಲುತ್ತದೆ ಅಂತ ಈ ಗಿಡಕ್ಕೂ ಅದೇ ಹೆಸರು ಅಂಟಿಕೊಂಡಿದೆ. ನನಗಂತೂ ಕಿತ್ತಳೆ ನೆನಪಾಗಲಿಲ್ಲ.

ಮನೆಗೆ ಬಂದು ಹುಡುಕಿ ನೋಡಿದರೆ ಅಮ್ಮನ ಮೂಗು ತಪ್ಪಿರಲಿಲ್ಲ. ದೊಡ್ಡಪತ್ರೆ, ತುಳಸಿ, ಪುದೀನ, ಈ ಮೊನಾರ್ಡಾ, ಎಲ್ಲ ಒಂದೇ ಕುಟುಂಬದವು. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ದೊಡ್ಡಪತ್ರೆಯ ಘಾಟಿಗೆ ಕಾರಣವಾದ ಕಾರ್ವಕ್ರಾಲ್, ಥೈಮಾಲ್ ಎನ್ನುವ ಎಣ್ಣೆಯ ಅಂಶಗಳು ಇದರಲ್ಲೂ ಇವೆ. ಓಂಕಾಳಿನ ವಾಸನೆಯೂ ಥೈಮಾಲ್‌ನದೇ. ಓಂಕಾಳು ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೆ ಸೇರಿದ್ದು, ಆದರೂ ವಾಸನೆಯಲ್ಲಿ ಇವುಗಳ ದಾಯಾದಿ. ಎಲ್ಲಕ್ಕಿಂತ ನನ್ನ ಕಿವಿ ನೆಟ್ಟಗಾಗಿದ್ದು ಇನ್ನೊಂದು ವಿಷಯಕ್ಕೆ. ಈ ಗಿಡಕ್ಕೆ ವಿಸ್ಕಾನ್ಸಿನ್ನಿನ ಚಳಿ ಏನೂ ಅಲ್ಲ. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗಿ, ಬೇರು ಮಣ್ಣಲ್ಲಿ ಮಲಗಿ, ಏಪ್ರಿಲ್‌ನಲ್ಲಿ ಮತ್ತೆ ಚಿಗುರುತ್ತದೆ. ಒಳಗೆ ಹೊರಗೆ ಎತ್ತಿಕೊಂಡು ಓಡಾಡುವ ಕೆಲಸ ಇಲ್ಲ!

ಮೇ ತಿಂಗಳಲ್ಲಿ ಇಲ್ಲಿ ಪ್ರೇರಿ ಗಿಡಗಳ ಸಸಿ ಮಾರಾಟಕ್ಕೆ ಸಿಗುತ್ತವೆ. ನಾಲ್ಕು ಸಸಿ ಕೊಂಡಿದ್ದರೆ ನನಗೆ ಕನಿಷ್ಠ ಒಂದು ವರ್ಷ ಉಳಿಯುತ್ತಿತ್ತು. ಕೊಳ್ಳಲಿಲ್ಲ. ಸ್ವಲ್ಪ ಜಿಪುಣತನ, ಸ್ವಲ್ಪ ಮಲೆನಾಡಿನವಳೆಂಬ ಜಂಬ. ಸೊಪ್ಪಿನ ಗಿಡಕ್ಕೆ ದುಡ್ಡು ಕೊಡೋದಾ? ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಮನೆಮುಂದಿನ ಲಾನ್ ಪೂರ್ತಿ ತೆಗೆದು ಪ್ರೇರಿ ಬೆಳೆಸಿದ್ದಾರೆ. ಅವರನ್ನು ಕೇಳಿದೆ. "ಅಕ್ಟೋಬರಿನಲ್ಲಿ ಬಾ, ಕಾಗದದ ಚೀಲ ತಗೊಂಡು ಬಾ" ಅಂದರು. ಜೊತೆಗೆ ಎರಡು ಮಾತು ಹೇಳಿದರು. ಪಾರ್ಕಿನಿಂದ, ಕಾಡಿನಿಂದ ಯಾವತ್ತೂ ಅಗೆದು ತರಬೇಡ. ಮತ್ತೆ, ಮೂರು ವರ್ಷ ನನ್ನನ್ನು ಬೈಯಬೇಡ. ಎರಡನೆಯದು ಆಗ ಅರ್ಥವಾಗಲಿಲ್ಲ.

ಅಕ್ಟೋಬರಿಗೆ ಹೂವಿನ ತಲೆಗಳು ಒಣಗಿ ಕಂದು ಬಣ್ಣದ ಸಣ್ಣ ಗುಂಡಾಗಿದ್ದವು. ಸೂಜಿ ಚುಚ್ಚಿಡುವ ದಿಂಬಿನ ಹಾಗೆ, ಮೈತುಂಬ ತೂತು. ಒಂದೊಂದು ತೂತಿನೊಳಗೆ ನಾಲ್ಕು ಬೀಜ. ಚೀಲದೊಳಗೆ ತಲೆಕೆಳಗಾಗಿ ಹಿಡಿದು ತಟ್ಟಿದರೆ ಉದುರುತ್ತವೆ. ಮನೆಗೆ ತಂದು ಸ್ಟೀಲ್ ತಟ್ಟೆಗೆ ಸುರಿದು, ಚಹಾ ಸೋಸುವ ಜರಡಿಯಲ್ಲಿ ಹೊಟ್ಟು ತೆಗೆದೆ. ರಾಗಿಗಿಂತ ಸಣ್ಣ ಬೀಜ. ಒಂದು ಚಮಚದಲ್ಲಿ ಸಾವಿರಾರು. ನಮ್ಮ ಮನೆಯವರು ಬಂದು, "ಇದನ್ನ ಮುದ್ದೆ ಮಾಡ್ತೀಯಾ?" ಅಂತ ಕೇಳಿ ಹೋದರು.

ಜಾಗ ತಯಾರು ಮಾಡಿದ್ದೂ ಆಗಲೇ. ಹಿತ್ತಲಿನ ದಕ್ಷಿಣದ ಮೂಲೆ, ಎಂಟು ಅಡಿ ಉದ್ದ, ಆರು ಅಡಿ ಅಗಲ. ದಿನಕ್ಕೆ ಆರೇಳು ಗಂಟೆ ಬಿಸಿಲು ಬೀಳುತ್ತದೆ. ಅಲ್ಲಿದ್ದ ಲಾನ್ ಹುಲ್ಲನ್ನು ಅಗೆಯಲಿಲ್ಲ. ಮನೆಗೆ ಬಂದ ಪಾರ್ಸೆಲ್ ಡಬ್ಬಗಳನ್ನೆಲ್ಲ ಬಿಚ್ಚಿ, ಟೇಪ್ ಕಿತ್ತು, ಹುಲ್ಲಿನ ಮೇಲೆ ಒಂದರ ಮೇಲೊಂದು ಹಾಸಿದೆ. ನೀರು ಹಾಕಿ ನೆನೆಸಿದೆ. ಮೇಲೆ ಮೇಪಲ್ ಮರದ ತರಗೆಲೆ. ಊರಲ್ಲಿ ತೋಟಕ್ಕೆ ದರಗು ಹಾಕಿದ ಹಾಗೆ. ಕತ್ತಲಲ್ಲಿ ಹುಲ್ಲು ಸಾಯುತ್ತದೆ, ವಸಂತದ ಹೊತ್ತಿಗೆ ರಟ್ಟು ಮೆತ್ತಗಾಗಿ ಎರೆಹುಳು ಬಂದಿರುತ್ತವೆ.

ಬಿತ್ತಿದ್ದು ಜನವರಿಯಲ್ಲಿ, ಹಿಮದ ಮೇಲೆ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ನನ್ನ ಆರೋಗ್ಯ ವಿಚಾರಿಸಿದಳು. ಇಲ್ಲಿ ಹಾಲು ಒಂದು ಗ್ಯಾಲನ್‌ನ, ಅಂದರೆ ಸುಮಾರು 3.8 ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಆ ಖಾಲಿ ಕ್ಯಾನನ್ನು ಹಿಡಿಯ ಕೆಳಗೆ ಸುತ್ತ ಕೊಯ್ದು, ಒಂದು ಕಡೆ ಮಾತ್ರ ಬಾಗಿಲ ತಿರುಗಣೆಯ ಹಾಗೆ ಬಿಡಬೇಕು. ತಳಕ್ಕೆ ಏಳೆಂಟು ತೂತು. ಒಳಗೆ ನಾಲ್ಕು ಇಂಚು ಕುಂಡದ ಮಣ್ಣು, ಒದ್ದೆಯಾಗಿರಬೇಕು. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು. ಮುಚ್ಚಬಾರದು, ಇದಕ್ಕೆ ಬೆಳಕು ಬೇಕು. ಕ್ಯಾನ್ ಮತ್ತೆ ಮುಚ್ಚಿ, ಸುತ್ತ ಟೇಪ್ ಅಂಟಿಸಿ, ಬಾಯಿಯ ಮುಚ್ಚಳ ಮಾತ್ರ ತೆಗೆದು ಹೊರಗಿಡುವುದು. ಹಿಮ ಬಿದ್ದು ಕರಗಿ ತಾನೇ ನೀರುಣಿಸುತ್ತದೆ.

ಪ್ರೇರಿಯ ಎಷ್ಟೋ ಗಿಡಗಳ ಬೀಜ ಒಂದು ಚಳಿಗಾಲ ಒದ್ದೆ ಮಣ್ಣಲ್ಲಿ ಕಳೆಯದೆ ಮೊಳೆಯುವುದೇ ಇಲ್ಲ. ಜನವರಿಯಲ್ಲೂ ಕೆಲವು ದಿನ ಬೆಚ್ಚಗಾಗುತ್ತದೆ. ಆಗ ಮೋಸಹೋಗಿ ಮೊಳೆತರೆ ಸತ್ತ ಹಾಗೆ, ಅದಕ್ಕೇ ಈ ಬಂದೋಬಸ್ತು. ಬರ್ಗಮಾಟ್ ಅಷ್ಟು ಹಠಮಾರಿಯಲ್ಲ. ಏಪ್ರಿಲ್‌ನಲ್ಲಿ ಮನೆಯೊಳಗೆ ಬಿತ್ತಿದರೂ ಹುಟ್ಟುತ್ತದೆ. ಆದರೂ ಕ್ಯಾನ್ ಹೊರಗಿಟ್ಟರೆ ದೀಪ ಬೇಡ, ನೀರು ಹಾಕುವ ನೆನಪು ಬೇಡ. ನನ್ನಂಥವರಿಗೆ ಇದೇ ಸರಿ.

ಐದು ಕ್ಯಾನ್ ಇಟ್ಟಿದ್ದೆ. ಏಪ್ರಿಲ್ ಮಧ್ಯದಲ್ಲಿ ಟಾರ್ಚ್ ಹಿಡಿದು ಮೇಲಿನ ಬಾಯಿಯಿಂದ ಇಣುಕಿದರೆ, ಒಳಗೆ ಹಸಿರು ಪಾಚಿ ಕಟ್ಟಿದ ಹಾಗೆ ಕಂಡಿತು. ಪಾಚಿಯಲ್ಲ, ಸಸಿ. ನೂರಾರು. ಆ ಖುಷಿಯಲ್ಲಿ ಎರಡು ದಿನ ಅತ್ತ ಹೋಗಲಿಲ್ಲ. ಅಷ್ಟರಲ್ಲಿ ಒಂದು ದಿನ ಬಿಸಿಲು ಏರಿ 27 ಡಿಗ್ರಿ ಆಯಿತು. ಗೋಡೆಗೆ ಒರಗಿಸಿಟ್ಟಿದ್ದ ಎರಡು ಕ್ಯಾನಿನ ಸಸಿಗಳು ಒಳಗೇ ಬೆಂದುಹೋದವು. ದೊಡ್ಡಪತ್ರೆ ಚಳಿಗೆ ಹೋಯಿತು, ಇವು ಸೆಕೆಗೆ. ಉಳಿದ ಮೂರರ ಟೇಪ್ ಕಿತ್ತು ಬಾಯಿ ಅಗಲ ಮಾಡಿದೆ.

ಮೇ ಕೊನೆಗೆ ನೆಟ್ಟೆ. ಒಂದೊಂದೇ ಸಸಿ ಬಿಡಿಸಲು ಹೋದರೆ ಬೇರು ಹರಿಯುತ್ತದೆ. ಮಣ್ಣನ್ನೇ ಮೈಸೂರುಪಾಕಿನ ಹಾಗೆ ಕೊಯ್ದು ತುಂಡು ತುಂಡಾಗಿ ಇಟ್ಟೆ, ಒಂದೂವರೆ ಅಡಿಗೊಂದು. ರಟ್ಟು ಪೂರ್ತಿ ಕರಗಿರಲಿಲ್ಲ, ಚಾಕುವಿನಿಂದ ತೂತು ಮಾಡಿಕೊಂಡೆ. ಇಷ್ಟೆಲ್ಲ ಮಾಡಿದ ಮೇಲೆ ಊರಿನ ಬುದ್ಧಿ ಬಿಡಲಿಲ್ಲ. ಅಂಗಡಿಯಿಂದ ಎರಡು ಚೀಲ ಸಗಣಿ ಗೊಬ್ಬರ ತಂದು ಬುಡಕ್ಕೆ ಸುರಿದೆ. ಅದರ ಕಥೆ ಮುಂದೆ.

ಮೊದಲ ವರ್ಷ ಏನೂ ಆಗಲಿಲ್ಲ. ನಿಜವಾಗಿ ಏನೂ. ಗೇಣುದ್ದದ ನಾಲ್ಕು ಕಡ್ಡಿ, ಪುದೀನದಂಥ ಎಲೆ, ಅಷ್ಟೆ. ಮೊಲಗಳು ಬಂದು ಎಳೆ ಸಸಿಗಳ ತುದಿ ಕಚ್ಚಿ ರುಚಿ ನೋಡಿದವು. ಬಲಿತ ಗಿಡದ ಘಾಟಿಗೆ ಮೊಲ, ಜಿಂಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಎಳೆಯದಕ್ಕೆ ಅವುಗಳ ರಿಯಾಯಿತಿ ಇಲ್ಲ. ತಂತಿ ಬಲೆ ಸುತ್ತಿದೆ. ಬೀದಿಯ ಕೊನೆಯ ಟೀಚರ್ ನಗುತ್ತ ಇಲ್ಲಿಯ ತೋಟದವರ ಮಾತೊಂದು ಹೇಳಿದರು: ಮೊದಲ ವರ್ಷ ಮಲಗುತ್ತೆ, ಎರಡನೇ ವರ್ಷ ತೆವಳುತ್ತೆ, ಮೂರನೇ ವರ್ಷ ಜಿಗಿಯುತ್ತೆ. ಅವತ್ತು "ಬೈಯಬೇಡ" ಅಂದಿದ್ದು ಇದಕ್ಕೇ.

ಎರಡನೇ ವರ್ಷ ಏಪ್ರಿಲ್‌ನಲ್ಲಿ ಹಿಮ ಸರಿದ ಜಾಗದಲ್ಲಿ ನೇರಳೆ ಛಾಯೆಯ ಪುಟ್ಟ ಎಲೆಗಳು ನೆಲಕ್ಕೆ ಅಂಟಿಕೊಂಡು ಎದ್ದವು. ನೆಟ್ಟಿದ್ದು ಹದಿನಾಲ್ಕು ಕಡೆ, ಎದ್ದಿದ್ದು ಹನ್ನೆರಡು. ನಾನು ಕುಣಿದಾಡಿದೆ. ಮೇ ಮಧ್ಯಕ್ಕೆ ಒಂದಡಿ ಆಗಿದ್ದವು. ಆ ವಾರ ನಾವಿಬ್ಬರೂ ಆಫೀಸಿನಲ್ಲಿ. ಲಾನ್ ಕತ್ತರಿಸಲು ಗೊತ್ತುಮಾಡಿದ್ದವರು ಬಂದು, ಲಾನಿನ ಜೊತೆ ನನ್ನ ಮೂಲೆಯನ್ನೂ ನುಣ್ಣಗೆ ಬೋಳಿಸಿ ಹೋದರು. ತಂತಿ ಬಲೆಯನ್ನು ನೀಟಾಗಿ ಸುತ್ತಿ ಬೇಲಿಗೆ ಒರಗಿಸಿದ್ದರು. ಅದು ನೋಡಿ ಅಳು ಬಂತು. ಕಳೆ ಅಂದುಕೊಂಡರಂತೆ. ಅವರ ತಪ್ಪೂ ಪೂರ್ತಿ ಅಲ್ಲ, ಹೂವಿಲ್ಲದಾಗ ಅದು ಕಳೆಯ ಹಾಗೇ ಕಾಣುತ್ತದೆ. ಆದರೂ ಎರಡು ದಿನ ಊಟ ಸೇರಲಿಲ್ಲ. ವಾಸನೆ ಮಾತ್ರ ಇಡೀ ಹಿತ್ತಲಿಗೆ ಹರಡಿತ್ತು. ಯಾರೋ ದೊಡ್ಡಪತ್ರೆ ಜಜ್ಜಿದ ಹಾಗೆ.

ಟೀಚರ್ ಬಂದು ನೋಡಿದರು. ಬಗ್ಗಿ ಮಣ್ಣು ಕೆದಕಿ ಬೇರು ತೋರಿಸಿದರು. ಒಂದು ವರ್ಷ "ಏನೂ ಆಗಲಿಲ್ಲ" ಅಂತ ನಾನು ಗೊಣಗುತ್ತಿದ್ದಾಗ ಅದು ಮಾಡಿದ್ದೆಲ್ಲ ಅಲ್ಲಿತ್ತು. ಬಿಳಿ ದಾರದಂಥ ಬೇರುಗಳ ಗಂಟು, ಅದರಿಂದ ಅರಿಸಿನದ ಕವಲಿನ ಹಾಗೆ ಪಕ್ಕಕ್ಕೆ ಹೊರಟ ಕುಡಿಗಳು. ಪ್ರೇರಿಯಲ್ಲಿ ಬೆಂಕಿ ಬೀಳುತ್ತಿತ್ತು, ಕಾಡೆಮ್ಮೆಯ ಹಿಂಡು ಮೇಯುತ್ತಿತ್ತು. ಮೇಲಿನದನ್ನು ಕಳೆದುಕೊಳ್ಳುವುದು ಇವಕ್ಕೆ ಹೊಸದಲ್ಲ. ಕರ್ಟಿಸ್ ಪ್ರೇರಿಗೆ ಈಗಲೂ ಬೇಕಂತಲೇ ಬೆಂಕಿ ಹಾಕುತ್ತಾರೆ, ಇಲ್ಲದಿದ್ದರೆ ಪೊದೆ, ಮರ ಬೆಳೆದು ಹುಲ್ಲುಗಾವಲು ಮುಚ್ಚಿಹೋಗುತ್ತದೆ. ಹಾಗೆ ಸುಟ್ಟು ಕಪ್ಪಾದ ಜಾಗವನ್ನು ಒಂದು ಏಪ್ರಿಲ್‌ನಲ್ಲಿ ನೋಡಿದ್ದೆ. ಮೂರು ವಾರ ಬಿಟ್ಟು ಹೋದರೆ ಅಡಿಕೆ ತೋಟದ ಹೊಸ ಸೊಪ್ಪಿನಷ್ಟು ಹಸಿರು. ನನ್ನ ಹನ್ನೆರಡೂ ಜೂನ್ ಹೊತ್ತಿಗೆ ವಾಪಸ್ ಬಂದವು. ಆಗಸ್ಟಿನಲ್ಲಿ ಮೂರು ಗಿಡ ಹೂ ಬಿಟ್ಟವು.

ಪ್ರೇರಿ ಉಳಿಯದೆ ಹೋಗಿದ್ದು ನೇಗಿಲಿಗೆ ಸಿಕ್ಕಿ. ಪಕ್ಕದ ಇಲಿನಾಯ್ ತನ್ನನ್ನು ಪ್ರೇರಿ ರಾಜ್ಯ ಅಂತ ಕರೆದುಕೊಳ್ಳುತ್ತದೆ. ಅಲ್ಲಿಯೇ 1837ರಲ್ಲಿ ಜಾನ್ ಡೀರ್ ಎನ್ನುವ ಕಮ್ಮಾರ ಅಂಟುಮಣ್ಣು ಮೆತ್ತಿಕೊಳ್ಳದ ಉಕ್ಕಿನ ನೇಗಿಲು ಮಾಡಿದ್ದು. ಇಂದು ಅಲ್ಲಿ ಮೂಲ ಪ್ರೇರಿಯ ಸಾವಿರದಲ್ಲಿ ಒಂದು ಪಾಲೂ ಉಳಿದಿಲ್ಲ. ಕಾರಿನಲ್ಲಿ ಶಿಕಾಗೋ ಕಡೆ ಹೋಗುವಾಗ ಎರಡೂ ಬದಿ ಮೆಕ್ಕೆಜೋಳ, ಸೋಯಾ. ಆ ಬೆಳೆಗೆ ಮಣ್ಣು ಕೊಟ್ಟಿದ್ದು ಇವೇ ಬೇರುಗಳು.

ಇನ್ನು ಗೊಬ್ಬರದ ಕಥೆ. ಬೋಳಿಸಿದರೂ ಎದ್ದು ಬಂದವಲ್ಲ ಅಂತ ಮುದ್ದು ಉಕ್ಕಿ, ಆ ಶರತ್ಕಾಲದಲ್ಲಿ ಇನ್ನೂ ಎರಡು ಚೀಲ ಸುರಿದೆ. ಮೂರನೇ ವರ್ಷ ಗಿಡಗಳು ಜಿಗಿಯಲಿಲ್ಲ, ಹಾರಿದವು. ಜುಲೈಗೆ ಐದಡಿ. ಮೊದಲ ದೊಡ್ಡ ಗುಡುಗುಮಳೆಗೆ ಎಲ್ಲ ನಡುವೆ ಬೈತಲೆ ತೆಗೆದ ಹಾಗೆ ಎರಡೂ ಕಡೆಗೆ ಮಲಗಿದವು. ಎರಡು ವಾರದಲ್ಲಿ ಎಲೆಗಳ ಮೇಲೆ ಬಿಳಿ ಬೂದಿ. ಅಕ್ಕಿಹಿಟ್ಟು ಚೆಲ್ಲಿದ ಹಾಗೆ. ಇದು ಬೂದಿರೋಗ, ದ್ರಾಕ್ಷಿ ಬೆಳೆಯುವವರಿಗೆ ಹೊಸದಲ್ಲ. ಮೊನಾರ್ಡಾಗಳಿಗೆ ಇದು ಕೂಡಿ ಹುಟ್ಟಿದ ಕಾಯಿಲೆ. ಗಿಡ ಸಾಯುವುದಿಲ್ಲ, ಆದರೆ ಆ ಎಲೆಯನ್ನು ಬಾಯಿಗೆ ಹಾಕುವ ಮನಸ್ಸಾಗುವುದಿಲ್ಲ. ನೆಲ ಜಾಸ್ತಿ ಸತ್ವದ್ದಾದರೆ, ಗಿಡ ಒತ್ತೊತ್ತಾದರೆ, ಗಾಳಿ ಆಡದಿದ್ದರೆ ಹೀಗಾಗುತ್ತದೆ. ಪ್ರೇರಿಯಲ್ಲಿ ಸುತ್ತ ಹುಲ್ಲು ಪೈಪೋಟಿಗೆ ನಿಂತಿರುತ್ತದೆ. ಆ ಹುಲ್ಲೇ ಗೊಬ್ಬರವನ್ನೂ ಕಸಿಯುತ್ತದೆ, ಬೀಳದ ಹಾಗೆ ಊರುಗೋಲೂ ಆಗುತ್ತದೆ. ನಾನು ಹುಲ್ಲು ಕಿತ್ತು, ಗೊಬ್ಬರ ಹಾಕಿ, ಒಂಟಿಯಾಗಿ ಸಾಕಿ ಕೊಬ್ಬಿಸಿದ್ದೆ.

ಅಂದಿನಿಂದ ಗೊಬ್ಬರ ಬಂದ್. ನಡುನಡುವೆ ಲಿಟಲ್ ಬ್ಲೂಸ್ಟೆಮ್ ಎನ್ನುವ ಪ್ರೇರಿ ಹುಲ್ಲು ನೆಟ್ಟೆ. ಮೇ ಕೊನೆಗೆ ಗಿಡ ಒಂದೂವರೆ ಅಡಿ ಆದಾಗ ಮೇಲಿನ ಮೂರನೇ ಒಂದು ಭಾಗ ಕತ್ತರಿಸುತ್ತೇನೆ. ಕುಳ್ಳಗೆ, ಕವಲೊಡೆದು ಬೆಳೆಯುತ್ತದೆ, ಹೂವು ಸ್ವಲ್ಪ ತಡ. ಕತ್ತರಿಸಿದ್ದು ಅಡುಗೆಮನೆಗೆ. ಎಲೆ ಅತಿ ಚೆನ್ನಾಗಿರುವುದು ಹೂ ಬಿಡುವ ಮುಂಚೆ, ಜೂನ್‌ನಲ್ಲಿ. ಆಗಸ್ಟಿನಲ್ಲಿ ಎಲೆಯ ಆಸೆ ಬಿಟ್ಟುಬಿಡಿ.

ಈಗ ತಂಬುಳಿ. ಮೂರನೇ ವರ್ಷದ ಜೂನ್‌ನಲ್ಲಿ, ಬೂದಿ ಬೀಳುವ ಮುಂಚೆ, ಮೊದಲ ಸಲ ಎಲೆ ಕಿತ್ತೆ. ಅಮ್ಮ ಫೋನಿನಲ್ಲಿ. ದೊಡ್ಡಪತ್ರೆಯ ಲೆಕ್ಕದಲ್ಲೇ ಹದಿನೈದು ಎಲೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು, ಅದರಲ್ಲೇ ಎಲೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದೆ. ಅನ್ನಕ್ಕೆ ಕಲಸಿ ಒಂದು ತುತ್ತು ಇಟ್ಟುಕೊಂಡ ನಮ್ಮ ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಚೆನ್ನಾಗಿದೆ. ಬಾಯಿ ಮುಕ್ಕಳಿಸೋ ಔಷಧಿ ಹಾಕಿದ್ದೀಯಾ?" ಅಂದರು. ಹೇಳಿದ್ದು ಸುಳ್ಳಲ್ಲ. ಬಾಯಿ ಮುಕ್ಕಳಿಸುವ ದ್ರವಗಳಲ್ಲೂ ಇದೇ ಥೈಮಾಲ್ ಇರುತ್ತದೆ. ನನ್ನ ನಾಲಿಗೆ ಜೋಮು ಹಿಡಿದಿತ್ತು. ದೊಡ್ಡಪತ್ರೆಯ ಎಲೆ ದಪ್ಪ, ಬಹುಪಾಲು ನೀರೇ. ಇದರ ಎಲೆ ತೆಳು, ಒಣಕಲು, ಎಣ್ಣೆಯೆಲ್ಲ ಒತ್ತೊತ್ತಾಗಿ ಕೂತಿರುತ್ತದೆ.

ಎರಡು ಮೂರು ಸಲದ ಮೇಲೆ ಹದ ಸಿಕ್ಕಿತು. ನಾಲ್ಕು ಜನಕ್ಕೆ ಐದು ಎಲೆ, ಎಳೆಯದು. ಕಾಯಿತುರಿ ಅರ್ಧ ಬಟ್ಟಲು, ಮಜ್ಜಿಗೆ ಸ್ವಲ್ಪ ಸಿಹಿಯಾಗಿಯೇ ಇರಲಿ. ಚೂರು ಬೆಲ್ಲ ಹಾಕಿದರೆ ಘಾಟು ಅಡಗುತ್ತದೆ. ಅಕ್ಕಿ ರೊಟ್ಟಿಗೆ ಮೂರ್ನಾಲ್ಕು ಎಲೆ ಸಣ್ಣಗೆ ಹೆಚ್ಚಿ ಈರುಳ್ಳಿಯ ಜೊತೆ ಕಲಸಿದರೆ ಬಹಳ ರುಚಿ, ನನ್ನ ಪ್ರಕಾರ ಇದರ ಅತ್ಯುತ್ತಮ ಉಪಯೋಗ ಅದೇ. ಒಣಗಿಸಿದ ಎಲೆಯ ಪುಡಿ ಓಂಕಾಳಿನ ಬದಲು ನಿಪ್ಪಟ್ಟಿಗೆ, ಕೋಡುಬಳೆಗೆ ನಡೆಯುತ್ತದೆ. ಹೂವಿನ ಎಸಳುಗಳನ್ನು ಬಿಡಿಸಿ ಕೋಸಂಬರಿ ಮೇಲೆ ಉದುರಿಸಬಹುದು, ಕಚ್ಚಿದರೆ ತುದಿಯಲ್ಲಿ ಒಂದು ಹನಿ ಸಿಹಿ. ಬಜ್ಜಿ ಮಾತ್ರ ಬೇಡ. ಎಣ್ಣೆಯಲ್ಲಿ ಎಲೆ ಮಾಯವಾಗಿ ಬರೀ ಕಡ್ಲೆಹಿಟ್ಟು ತಿಂದ ಹಾಗಾಗುತ್ತದೆ. ಬಜ್ಜಿಗೆ ದೊಡ್ಡಪತ್ರೆಯೇ ಸರಿ, ಒಪ್ಪಿಕೊಳ್ಳಬೇಕು.

ಒಣಗಿಸುವುದರಲ್ಲೂ ಎಡವಿದೆ. ಹಪ್ಪಳದ ಹಾಗೆ ಬಿಸಿಲಿಗೆ ಹರವಿದೆ, ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ಕಡ್ಡಿ ಸಮೇತ ಕೊಯ್ದು, ಕಟ್ಟು ಕಟ್ಟಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಹತ್ತು ದಿನಕ್ಕೆ ಎಲೆ ಪುಡಿಪುಡಿ. ಚಳಿಗಾಲದಲ್ಲಿ ಗಂಟಲು ಕೆರೆದಾಗ ಒಂದು ಚಿಟಿಕೆ ಎಲೆ, ಒಣಶುಂಠಿ, ಬೆಲ್ಲ ಹಾಕಿ ಕಷಾಯ. ಈ ಬುದ್ಧಿ ನನ್ನದಲ್ಲ. ಮ್ಯಾಡಿಸನ್ ಇರುವ ನೆಲ ಹೋ-ಚಂಕ್ ಎನ್ನುವ ಮೂಲನಿವಾಸಿ ಜನರದು. ಇಲ್ಲಿಯ ಕೆರೆಗಳ ಸೀಮೆಗೆ ಅವರು ಡೇಜೋಪ್, ಅಂದರೆ ನಾಲ್ಕು ಕೆರೆ, ಅನ್ನುತ್ತಾರೆ. ಅವರು ಈ ಎಲೆ ಕುದಿಸಿದ ನೀರನ್ನು ಮೊಡವೆಗೆ ಹಚ್ಚುತ್ತಿದ್ದರಂತೆ. ಈ ಸೀಮೆಯ ಮೆನೊಮಿನಿ, ಓಜಿಬ್ವೆ ಜನ ನೆಗಡಿಗೆ ಬಳಸುತ್ತಿದ್ದರು. ಮಗುವಿಗೆ ಶೀತವಾದಾಗ ಅಜ್ಜಿ ದೊಡ್ಡಪತ್ರೆ ಬಾಡಿಸಿ ರಸ ಹಿಂಡುತ್ತಿದ್ದುದು ನೆನಪಾಯಿತು. ಎಷ್ಟು ದೂರದ ಇಬ್ಬರು ಅಜ್ಜಿಯರು, ಒಂದೇ ವಾಸನೆ ಹಿಡಿದು ಒಂದೇ ಕಾಯಿಲೆಗೆ ಹೋಗಿದ್ದಾರೆ, ಅಲ್ವಾ? ಹಾಗಂತ ಜ್ವರಕ್ಕೆ ಡಾಕ್ಟರ್ ಬಿಟ್ಟು ಇದನ್ನು ನಂಬಿ ಅಂತ ನಾನು ಹೇಳುವುದಿಲ್ಲ. ಬಸುರಿಯರಿಗೆ ಬೇಡವೇ ಬೇಡ ಅನ್ನುತ್ತಾರೆ. ಘಾಟಿನ ಗಿಡ, ಚಿಟಿಕೆ ಲೆಕ್ಕದಲ್ಲೇ ಇರಲಿ.

ಜುಲೈನಲ್ಲಿ ಹೂ ಬಿಟ್ಟ ಮೇಲೆ ಹಿತ್ತಲು ನಮ್ಮದಲ್ಲ. ಕೊಳವೆಯಂಥ ಉದ್ದ ಹೂವು, ನಾಲಿಗೆ ಉದ್ದ ಇದ್ದವರಿಗೆ ಮಾತ್ರ ಮಕರಂದ. ದಪ್ಪ ಬಂಬಲ್ ದುಂಬಿಗಳು ಬೆಳಿಗ್ಗೆ ಆರಕ್ಕೇ ಡ್ಯೂಟಿಗೆ ಹಾಜರು. ಅವುಗಳಲ್ಲಿ ಒಂದು ಜಾತಿ, ಬೆನ್ನ ಮೇಲೆ ತುಕ್ಕಿನ ಬಣ್ಣದ ಮಚ್ಚೆ ಇರುವುದು, 2017ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಮ್ಯಾಡಿಸನ್ ಸುತ್ತ ಅದು ಇನ್ನೂ ಉಳಿದಿದೆ, ಈ ಹೂವು ಅದಕ್ಕೆ ಇಷ್ಟ. ನಾನು ಪ್ರತಿ ವರ್ಷ ಬಗ್ಗಿ ಬಗ್ಗಿ ಬೆನ್ನು ನೋಡುತ್ತೇನೆ. ಒಂದು ಸಲ ಕಂಡಿತು ಅಂದುಕೊಂಡೆ, ಫೋನ್ ತೆಗೆಯುವಷ್ಟರಲ್ಲಿ ಹೋಯಿತು. ಮೊನಾರ್ಡಾ ಹೂವಿನ ಪರಾಗವನ್ನೇ ನೆಚ್ಚಿಕೊಂಡು ಬದುಕುವ ಪುಟ್ಟ ಕಪ್ಪು ಜೇನೊಂದು ಕೂಡ ಇದೆ. ಗಾಜಿನಂಥ ರೆಕ್ಕೆಯ ಒಂದು ಪತಂಗ ಬರುತ್ತದೆ, ಗಾಳಿಯಲ್ಲಿ ನಿಂತೇ ಹೂವು ಹೀರುತ್ತದೆ. ವಿಡಿಯೋ ಕಾಲಿನಲ್ಲಿ ನೋಡಿದ ಅಮ್ಮ, "ಇಷ್ಟು ಚಿಕ್ಕ ಹಕ್ಕಿಯಾ!" ಅಂತ ಬಾಯಿ ಬಿಟ್ಟಳು. ನಿಜವಾದ ಹಮ್ಮಿಂಗ್‌ಬರ್ಡ್ ಅದೇ ಸಂಜೆ ಬಂತು, ಆಗ ಅಮ್ಮನಿಗೆ ರಾತ್ರಿ ಮೂರು ಗಂಟೆ.

ಅಮ್ಮನಿಗೆ ಬೀಜ ಬೇಕು. ಕೊಡುವುದಿಲ್ಲ ಅಂದಿದ್ದೇನೆ. ಬೀಜವನ್ನು ಸೂಟ್‌ಕೇಸಿನಲ್ಲಿ ಸುಮ್ನೆ ದೇಶ ದಾಟಿಸುವ ಹಾಗಿಲ್ಲ, ಅದಕ್ಕೆ ಕಾನೂನಿದೆ. ಅದೂ ಅಲ್ಲದೆ ಲಂಟಾನ, ಯುಪಟೋರಿಯಂ ಎನ್ನುವ ಹೊರಗಿನ ಕಳೆಗಳು ಮಲೆನಾಡಿಗೆ ಬಂದು ಏನು ಮಾಡಿವೆ ಅಂತ ಅವಳಿಗೇ ಗೊತ್ತು. "ನಿನ್ನ ಹತ್ರ ದೊಡ್ಡಪತ್ರೆ ಇದೆಯಲ್ಲ" ಅಂದರೆ, "ಅದು ಇದ್ದೇ ಇದೆ" ಅಂತ ಮುಖ ಊದಿಸುತ್ತಾಳೆ.

ಇಲ್ಲಿಯವರಿಗೆ ಕೊಡುತ್ತೇನೆ. ಕಳೆದ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಒಣ ಎಲೆ ಹಾಕಿದ ಅಕ್ಕಿ ರೊಟ್ಟಿ ಒಯ್ದಿದ್ದೆ. ಮೂರು ಜನ ಬಂದು, ದೊಡ್ಡಪತ್ರೆ ಎಲ್ಲಿ ಸಿಕ್ತು ಅಂತ ಕೇಳಿದರು. ಮೊಸರಿನ ಡಬ್ಬಿಯಲ್ಲಿ ಬೀಜ ಕೊಟ್ಟೆ, ಕ್ಯಾನಿನ ಕಥೆಯನ್ನೂ ಹೇಳಿದೆ. ಅವರಲ್ಲೊಬ್ಬರು, ದಾವಣಗೆರೆ ಕಡೆಯವರು, ಆಗಸ್ಟಿನಲ್ಲಿ ಫೋನ್ ಮಾಡಿದರು.

"ಅಕ್ಕಾ, ಬರೀ ನಾಲ್ಕು ಕಡ್ಡಿ ಬಂದೈತಿ. ಹೂವಿಲ್ಲ ಏನಿಲ್ಲ. ಕಳೆನೇ ಇರಬೇಕು ಅಂತಾರೆ ನಮ್ಮೋರು. ಕಿತ್ತು ಒಗೀಲೇನು?"

"ಒಂದು ಎಲೆ ಉಜ್ಜಿ ಮೂಸಿ ನೋಡಿ" ಅಂದೆ.

ಫೋನ್ ಹಿಡಿದೇ ಹೊರಗೆ ಹೋದರು. ಬಾಗಿಲು ಸರಿದ ಸದ್ದು ಕೇಳಿತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ತಂಬುಳಿಗೆ ಎಷ್ಟು ಎಲೆ ಹಾಕ್ಬೇಕಕ್ಕಾ?"

"ಈ ವರ್ಷ ಒಂದೂ ಬೇಡ" ಅಂದೆ. "ಲಾನ್ ಕತ್ತರಿಸೋರು ಯಾವತ್ತು ಬರ್ತಾರೆ ನಿಮ್ಮ ಮನೆಗೆ?"